ನಿಷ್ಕಳಂಕ ಹೆಸರಿನ ವಿಕ್ರಯ

ಕೀರ್ತಿಯೂ ಒಂದು ಸಂಪತ್ತೇ. ಆದರೆ ಹೊನ್ನು, ಹೊಲ, ಮನೆಗಳಂತೆ ಅದು ಗಳಿಸಿದವನ ಕೈಯಲ್ಲಿರುವ ಸಂಪತ್ತಲ್ಲ. ಅದು ಇರುವುದು ಅನ್ಯರ ಮನಸ್ಸಿನಲ್ಲಿ. ಅವರು ಇರಗೊಟ್ಟಷ್ಟು ಕಾಲ ಮಾತ್ರ ಇರುತ್ತದೆ. ಇಂಥ ಸಂಪತ್ತನ್ನು ಪೇಟೆಗೆ ಒಯ್ದು ಮಾರುವಾತನು ಯಾರದನ್ನು ಮಾರುತ್ತಿದ್ದಾನೆ ಎಂಬ ಪ್ರಶ್ನೆ ಸಹಜವಾಗಿ ಏಳಬೇಕು. ಆಟದ ಮೈದಾನದಿಂದ ಕಿರುತೆರೆಗೆ ಹೋಗಿ ಹೆಸರಾದವರ ವಿಷಯದಲ್ಲಿ ಈ ಪ್ರಶ್ನೆ ಏಳುವುದು ಅಪರೂಪ. ಅವರ ಸಂಬಳವೆಷ್ಟು, ಅವರ ಮಾತು ಯಾರನ್ನು ಕೆರಳಿಸಿತು ಎಂಬಿಷ್ಟಕ್ಕೇ ಲೋಕದ ಚರ್ಚೆ ಮುಗಿದುಹೋಗುತ್ತದೆ. ಇಂಗ್ಲೆಂಡಿನ ಕಾಲ್ಚೆಂಡಾಟಗಾರ ಗ್ಯಾರಿ ಲಿನೇಕರ್ ಅವರ ವೃತ್ತಾಂತವು ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ.

ಲಿನೇಕರ್ ಅವರು 1960ರಲ್ಲಿ ಲೆಸ್ಟರ್ ನಗರದಲ್ಲಿ ಜನಿಸಿದರು. ಅವರ ಮನೆತನದ್ದು ಅದೇ ನಗರದ ಮಾರುಕಟ್ಟೆಯಲ್ಲಿ ಹಣ್ಣು, ತರಕಾರಿಗಳ ವ್ಯಾಪಾರ. ಲೆಸ್ಟರ್ ಸಿಟಿ, ಎವರ್ಟನ್, ಬಾರ್ಸಿಲೋನಾ, ಟಾಟನ್‌ಹ್ಯಾಮ್ ತಂಡಗಳಲ್ಲಿ ಆಡಿ, ಕೊನೆಗೆ ಜಪಾನಿನ ನಗೋಯಾ ತಂಡದಲ್ಲಿದ್ದು, 1994ರಲ್ಲಿ ಆಟದಿಂದ ನಿವೃತ್ತರಾದರು. ಇಂಗ್ಲೆಂಡ್ ದೇಶದ ಪರವಾಗಿ 80 ಪಂದ್ಯಗಳಲ್ಲಿ 48 ಗೋಲು. 1986ರ ವಿಶ್ವಕಪ್ಪಿನಲ್ಲಿ 6 ಗೋಲು ಹೊಡೆದು, ಆ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರೆಂಬ ಗೌರವ. ಈ ಅಂಕಿಗಳು ದೊಡ್ಡವೇ ಸರಿ. ಆದರೆ ಇಷ್ಟು ದೊಡ್ಡ ಅಂಕಿಗಳುಳ್ಳ ಆಟಗಾರರು ಬೇರೆಯವರೂ ಇದ್ದಾರೆ. ಲಿನೇಕರ್ ಅವರನ್ನು ಬೇರ್ಪಡಿಸಿ ನಿಲ್ಲಿಸಿದ ಸಂಗತಿ ಮತ್ತೊಂದು. ಅವರ ಇಡೀ ವೃತ್ತಿಜೀವನದಲ್ಲಿ ರೆಫರಿಯು ಅವರಿಗೆ ಒಮ್ಮೆಯೂ ಹಳದಿ ಕಾರ್ಡು ತೋರಿಸಲಿಲ್ಲ. ಕೆಂಪು ಕಾರ್ಡಿನ ಮಾತಂತೂ ಬರಲೇ ಇಲ್ಲ. ಎದುರಾಳಿಗಳ ಒದೆತ, ನೂಕಾಟ, ಬೈಗುಳಗಳ ನಡುವೆ ಗೋಲಿನ ಮುಂದೆಯೇ ನಿಂತು ಆಡುವವನಿಗೆ ಇದು ಸುಲಭದ ಸಾಧನೆಯಲ್ಲ. 1990ರಲ್ಲಿ ಫಿಫಾ ಸಂಸ್ಥೆಯು ನ್ಯಾಯಯುತ ಆಟಕ್ಕಾಗಿ ಕೊಡುವ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. ಕಷಾಯಗಳ ಜಯವೆಂದು ಇದನ್ನು ಕರೆದರೆ ಅತಿಶಯೋಕ್ತಿಯಾದೀತು. ಆದರೆ ಕೋಪಕ್ಕೆ ಪ್ರತಿಕ್ಷಣವೂ ಕಾರಣವಿರುವ ಸ್ಥಳದಲ್ಲಿ ಕೋಪವನ್ನು ಕಾಲಿಗಿಳಿಯಗೊಡದ ಸಂಯಮವಿದು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಕಿರುತೆರೆಗೆ ಅವರು ಒಯ್ದ ಬಂಡವಾಳವೂ ಇದೇ. 1999ರಲ್ಲಿ ಬಿಬಿಸಿಯ ಮ್ಯಾಚ್ ಆಫ್ ದಿ ಡೇ ಕಾರ್ಯಕ್ರಮದ ಪ್ರಧಾನ ನಿರೂಪಕರಾಗಿ ಅವರು ಬಂದರು. 1964ರಿಂದ ನಡೆದುಬಂದಿರುವ, ಶನಿವಾರ ರಾತ್ರಿ ಇಡೀ ದೇಶದ ಕಾಲ್ಚೆಂಡು ಪ್ರೇಮಿಗಳು ಕುಳಿತು ನೋಡುವ ಕಾರ್ಯಕ್ರಮವದು. ಆ ಪೀಠದಲ್ಲಿ ಅವರು 2025ರವರೆಗೂ ಕುಳಿತರು. ಸ್ವಚ್ಛವಾದ ಮಾತು, ಹದವಾದ ಹಾಸ್ಯ, ಆಟದ ಒಳಮರ್ಮದ ತಿಳಿವು ಅವರಲ್ಲಿದ್ದವು. ಕೊಟ್ಟ ಮಾತನ್ನು ಉಳಿಸಿಕೊಳ್ಳುವವರೆಂಬ ಹೆಸರೂ ಇತ್ತು. ಲೆಸ್ಟರ್ ತಂಡ ಲೀಗ್ ಗೆದ್ದರೆ ಒಳಚಡ್ಡಿಯಲ್ಲಿಯೇ ಕಾರ್ಯಕ್ರಮ ನಡೆಸುವೆನೆಂದು ತಮಾಷೆಗೆ ಹೇಳಿದ್ದನ್ನು 2016ರ ಆಗಸ್ಟಿನಲ್ಲಿ ಹಾಗೆಯೇ ನಡೆಸಿಕೊಟ್ಟರು. ವ್ರತಪಾಲನೆಗೆ ಇದಕ್ಕಿಂತ ಉತ್ತಮ ವಿಷಯಗಳಿವೆ ಎಂಬುದು ಬೇರೆ ಮಾತು. ಆಟಗಾರನೊಬ್ಬನು ನಿವೃತ್ತನಾದ ಮೇಲೆ ತನಗೆ ತಿಳಿದ ಆಟವನ್ನು ಜನರಿಗೆ ತಿಳಿಯಪಡಿಸಿ ಜೀವನ ನಡೆಸುವುದರಲ್ಲಿ ದೋಷವೇನೂ ಇಲ್ಲ. ಆ ಬಗೆಗೆ ಇಲ್ಲಿ ಆಕ್ಷೇಪವಿಲ್ಲ.

ಆಕ್ಷೇಪವಿರುವುದು 1995ರಲ್ಲಿ ಆರಂಭವಾದ ಮತ್ತೊಂದು ವೃತ್ತಿಗೆ. ಲೆಸ್ಟರಿನಲ್ಲಿ ವಾಕರ್ಸ್ ಎಂಬ ಆಲೂಗಡ್ಡೆ ಚಿಪ್ಸ್ ಕಂಪನಿಯಿದೆ. ಎರಡನೆಯ ಮಹಾಯುದ್ಧದ ನಂತರ ಮಾಂಸಕ್ಕೆ ಪಡಿತರದ ಮಿತಿಯಿದ್ದಾಗ ಹೆನ್ರಿ ವಾಕರ್ ಎಂಬ ಮಾಂಸದ ವ್ಯಾಪಾರಿಯ ಸಂಸ್ಥೆಯು 1948ರಲ್ಲಿ ಆಲೂಗಡ್ಡೆಯನ್ನು ಕರಿದು ಮಾರತೊಡಗಿತು. 1989ರಿಂದ ಅದು ಅಮೆರಿಕದ ಪೆಪ್ಸಿಕೋ ಸಂಸ್ಥೆಯ ಸ್ವತ್ತು. ಜಪಾನಿನಿಂದ ಮರಳಿದ ಊರ ಮಗನನ್ನು ಆ ಕಂಪನಿಯು ತನ್ನ ಜಾಹೀರಾತಿಗೆ ಕರೆಯಿತು. ಮೊದಲ ಜಾಹೀರಾತಿನ ಕಥೆ ಗಮನಾರ್ಹವಾದುದು. ಲಿನೇಕರ್ ಅವರು ತಮ್ಮ ಊರಿಗೆ ಹಿಂದಿರುಗುತ್ತಾರೆ. ಊರವರೆಲ್ಲ ಅಕ್ಕರೆಯಿಂದ ಸ್ವಾಗತಿಸುತ್ತಾರೆ. ಉದ್ಯಾನದ ಬೆಂಚಿನ ಮೇಲೆ ಒಬ್ಬ ಹುಡುಗ ಚಿಪ್ಸ್ ತಿನ್ನುತ್ತ ಕುಳಿತಿದ್ದಾನೆ. ಅವನ ಪೊಟ್ಟಣವನ್ನು ಅವರು ಕಿತ್ತುಕೊಂಡು ನಡೆದುಬಿಡುತ್ತಾರೆ. ಒಮ್ಮೆಯೂ ತಪ್ಪು ಮಾಡದ ಮನುಷ್ಯನೂ ಈ ಚಿಪ್ಸಿನ ಮುಂದೆ ಕಳ್ಳನಾಗುತ್ತಾನೆ ಎಂಬುದೇ ನಗೆಯ ಮೂಲ. ದೇಶವೆಲ್ಲ ನಕ್ಕಿತು. ಆ ನಗೆ ಎಷ್ಟು ಲಾಭಕರವಾಯಿತೆಂದರೆ ಇಪ್ಪತ್ತೈದು ವರ್ಷಗಳನ್ನೂ ಮೀರಿ ಆ ಸಂಬಂಧ ಮುಂದುವರಿಯಿತು. ಉಪ್ಪು ಮತ್ತು ವಿನೆಗರ್ ರುಚಿಯ ಪೊಟ್ಟಣಕ್ಕೆ ಸಾಲ್ಟ್ ಅಂಡ್ ಲಿನೇಕರ್ ಎಂದು ಅವರ ಹೆಸರನ್ನೇ ಇಡಲಾಯಿತು.

ನಗೆಯನ್ನು ಬದಿಗಿಟ್ಟು ನೋಡಿದರೆ ಜಾಹೀರಾತು ತಯಾರಿಸಿದವರ ಜಾಣ್ಮೆ ಅರ್ಥವಾಗುತ್ತದೆ. ಅವರು ಕೊಂಡದ್ದು ಗೋಲುಗಳನ್ನಲ್ಲ. ಹಳದಿ ಕಾರ್ಡೇ ಇಲ್ಲದ ಹದಿನಾರು ವರ್ಷಗಳನ್ನು. ಕೋಪಿಷ್ಠನೆಂದು ಹೆಸರಾದ ಆಟಗಾರನೊಬ್ಬ ಹುಡುಗನ ಕೈಯಿಂದ ತಿಂಡಿ ಕಿತ್ತುಕೊಂಡಿದ್ದರೆ ಯಾರೂ ನಗುತ್ತಿರಲಿಲ್ಲ. ಅಚೌರ್ಯವನ್ನು ಗೃಹಸ್ಥನ ಅಣುವ್ರತಗಳಲ್ಲಿ ಒಂದೆಂದು ಎಣಿಸುವ ಓದುಗರಿಗೆ, ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವೆಂಬ ವಿವರಣೆ ಹೊಸದಲ್ಲ. ಜಾಹೀರಾತಿನೊಳಗಿನ ಪೊಟ್ಟಣದ ಕಳವು ಕೇವಲ ನಟನೆ. ಆದರೆ ಜಾಹೀರಾತಿನ ಹೊರಗೆ ನಡೆದದ್ದನ್ನು ಏನೆಂದು ಕರೆಯಬೇಕು? ಅಭಿಮಾನಿಗಳು, ಅದರಲ್ಲಿಯೂ ಮಕ್ಕಳು, ಆ ಮನುಷ್ಯನಿಗೆ ವಿಶ್ವಾಸವನ್ನು ಕೊಟ್ಟದ್ದು ಆತ ಚೆನ್ನಾಗಿ, ನ್ಯಾಯವಾಗಿ ಆಡಿದನೆಂಬ ಕಾರಣಕ್ಕೆ. ಕರಿದ ಆಲೂಗಡ್ಡೆಗೆ ಸಾಕ್ಷಿ ನಿಲ್ಲಲೆಂದು ಕೊಟ್ಟದ್ದಲ್ಲ. ಒಂದು ಕಾರ್ಯಕ್ಕಾಗಿ ಕೊಟ್ಟ ನಿಧಿಯನ್ನು ಮತ್ತೊಂದಕ್ಕೆ ವೆಚ್ಚ ಮಾಡಿದರೆ ಏನಾಗುತ್ತದೆಂಬುದು ಬಸದಿಗಳ ಆಡಳಿತ ಮಂಡಳಿಗಳಿಗೆ ಚೆನ್ನಾಗಿ ತಿಳಿದಿರುವ ವಿಷಯ. ಪೂಜೆಗೆ ಬಂದ ಹಣವನ್ನು ಅಂಗಡಿಗೆ ಹೂಡಿದ ವಿಶ್ವಸ್ಥನು ಲೆಕ್ಕಪತ್ರ ಒಪ್ಪಿಸುವ ದಿನ ಏನೆಂದು ಹೇಳಿಯಾನು?

ಇದು ಬರಿಯ ಸೂಕ್ಷ್ಮತರ್ಕವೆಂದು ತಳ್ಳಿಹಾಕುವವರಿಗೆ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉತ್ತರವಾಗಿದೆ. 8ರಿಂದ 11 ವರ್ಷದ 181 ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ ಒಂದು ವ್ಯಂಗ್ಯಚಿತ್ರ ಕಾರ್ಯಕ್ರಮವನ್ನು ತೋರಿಸಲಾಯಿತು. ಅದರ ನಡುವೆ ಒಂದು ಗುಂಪಿಗೆ ಲಿನೇಕರ್ ಅವರ ಚಿಪ್ಸ್ ಜಾಹೀರಾತು; ಇನ್ನೊಂದಕ್ಕೆ ಬೇರೆ ತಿಂಡಿಯ ಜಾಹೀರಾತು; ಮತ್ತೊಂದಕ್ಕೆ ಆಟಿಕೆಯ ಜಾಹೀರಾತು; ಉಳಿದ ಗುಂಪಿಗೆ ಜಾಹೀರಾತೇ ಅಲ್ಲದ, ಲಿನೇಕರ್ ಅವರು ಮ್ಯಾಚ್ ಆಫ್ ದಿ ಡೇ ನಡೆಸಿಕೊಡುವ ತುಣುಕು. ಬಳಿಕ ಮಕ್ಕಳ ಮುಂದೆ ಎರಡು ಬಟ್ಟಲು ಚಿಪ್ಸ್ ಇಡಲಾಯಿತು. ಒಂದರ ಮೇಲೆ ವಾಕರ್ಸ್ ಎಂಬ ಹೆಸರು, ಇನ್ನೊಂದರ ಮೇಲೆ ಸಾಧಾರಣ ಅಂಗಡಿಯ ಸರಕೆಂಬ ಚೀಟಿ. ಎರಡರಲ್ಲಿಯೂ ಇದ್ದದ್ದು ಒಂದೇ ಚಿಪ್ಸ್. ಜಾಹೀರಾತು ನೋಡಿದ ಮಕ್ಕಳು ವಾಕರ್ಸ್ ಚೀಟಿಯ ಬಟ್ಟಲಿನಿಂದ ಹೆಚ್ಚು ತಿಂದರು. ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾಲ್ಚೆಂಡಿನ ತುಣುಕನ್ನಷ್ಟೇ ನೋಡಿದ ಮಕ್ಕಳೂ ಹಾಗೆಯೇ ಹೆಚ್ಚು ತಿಂದರು!

ಈ ಕೊನೆಯ ಫಲಿತಾಂಶದ ಮುಂದೆ ತುಸು ನಿಲ್ಲಬೇಕು. ಬ್ರಿಟನ್ನಿನ ಪ್ರಜೆಗಳು ದೂರದರ್ಶನ ನೋಡಲು ಮನೆಮನೆಗೆ ವಾರ್ಷಿಕ ಶುಲ್ಕ ತೆತ್ತು ಬಿಬಿಸಿಯನ್ನು ಸಾಕುತ್ತಾರೆ. ಪ್ರತಿಯಾಗಿ ಬಿಬಿಸಿ ತನ್ನ ದೇಶದ ವಾಹಿನಿಗಳಲ್ಲಿ ಜಾಹೀರಾತನ್ನು ತೋರಿಸುವುದಿಲ್ಲ. ಇದು ಆ ಸಂಸ್ಥೆಯ ಮೂಲ ಧರ್ಮ. ಆದರೆ ಚಿಪ್ಸ್ ಪೊಟ್ಟಣದೊಂದಿಗೆ ಒಂದಾಗಿಹೋದ ಮುಖವು ಶನಿವಾರ ರಾತ್ರಿ ತೆರೆಯ ಮೇಲೆ ಬಂದಾಗ ಪೊಟ್ಟಣವನ್ನು ಬೇರೆಯಾಗಿ ತೋರಿಸುವ ಅಗತ್ಯವೇ ಉಳಿದಿರಲಿಲ್ಲ. ಮಗುವಿನ ಮನಸ್ಸಿನಲ್ಲಿ ಎರಡೂ ಒಂದೇ ಆಗಿದ್ದವು. ಜಾಹೀರಾತಿಲ್ಲದ ವಾಹಿನಿಯಲ್ಲಿ ಜಾಹೀರಾತು ನಡೆಯುತ್ತಿತ್ತು. ಅದರ ಖರ್ಚನ್ನು ಆ ಮಗುವಿನ ತಂದೆತಾಯಿಗಳೇ ಕೊಡುತ್ತಿದ್ದರು.

ಚಿಪ್ಸಿನಂಥ ಕ್ಷುಲ್ಲಕ ವಸ್ತುವಿಗೆ ಇಷ್ಟು ಮಾತೇಕೆ ಎನ್ನಬಹುದು. ದಿನಕ್ಕೊಂದು ಪೊಟ್ಟಣ ತಿನ್ನುವ ಮಗು ವರ್ಷಕ್ಕೆ ಸುಮಾರು ಐದು ಲೀಟರ್ ಅಡುಗೆ ಎಣ್ಣೆಯನ್ನು ಹೊಟ್ಟೆಗಿಳಿಸುತ್ತದೆ ಎಂದು ಬ್ರಿಟಿಷ್ ಹಾರ್ಟ್ ಫೌಂಡೇಶನ್ 2006ರಲ್ಲಿ ಭಿತ್ತಿಪತ್ರ ಹಚ್ಚಿ ಸಾರಿತು. ಅದೇ ವರ್ಷ ವಾಕರ್ಸ್ ಕಂಪನಿಯು ಕರಿಯುವ ಎಣ್ಣೆಯನ್ನು ಬದಲಿಸಿ ಅಪಾಯಕರ ಕೊಬ್ಬನ್ನು ಬಹಳಷ್ಟು ತಗ್ಗಿಸಿತೆಂಬುದನ್ನೂ ಹೇಳಬೇಕು. ಆದರೂ ಕರಿದದ್ದು ಕರಿದದ್ದೇ, ಉಪ್ಪು ಉಪ್ಪೇ. ತಂದೆಯ ಅಂಗಡಿಯ ಹಣ್ಣು ತರಕಾರಿಗಳ ಪರವಾಗಿ ಆ ಮಗ ಇಷ್ಟು ವರ್ಷ ನಿಂತಿದ್ದರೆ ಎಷ್ಟು ಮಕ್ಕಳ ನಾಲಗೆ ಬೇರೆ ರುಚಿಗೆ ಒಲಿಯುತ್ತಿತ್ತೋ!

ಇದು ಹೊಸ ರೋಗವಲ್ಲ. ಇಂಗ್ಲೆಂಡಿನ ಮತ್ತೊಬ್ಬ ಮಹಾ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರೂ ತಮ್ಮ ದೀರ್ಘ ವೃತ್ತಿಯಲ್ಲಿ ಒಮ್ಮೆಯೂ ರೆಫರಿಯಿಂದ ಎಚ್ಚರಿಕೆ ಪಡೆದವರಲ್ಲ. ಐವತ್ತನೆಯ ವಯಸ್ಸಿನವರೆಗೆ ಆಡಿದ ಆ ಶಿಸ್ತಿನ ಮನುಷ್ಯ ಸಿಗರೇಟು ಸೇದುತ್ತಿರಲಿಲ್ಲ; ಆದರೂ 1950ರ ದಶಕದಲ್ಲಿ ಕ್ರೇವನ್ ಎ ಎಂಬ ಸಿಗರೇಟಿನ ಜಾಹೀರಾತಿನಲ್ಲಿ ಅವರ ಚಿತ್ರ ಬಂತು. ಸೇದುವುದಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ವೈದ್ಯ ವಿಜ್ಞಾನಿಗಳು 1950ರಲ್ಲಿಯೇ ಪ್ರಕಟಿಸಿದ್ದರು. ಮ್ಯಾಥ್ಯೂಸ್ ಅವರ ಪರವಾಗಿ ಒಂದು ಮಾತು ಹೇಳಬಹುದು: ಆಗ ಆಟಗಾರರ ಸಂಬಳಕ್ಕೆ ಕಟ್ಟುನಿಟ್ಟಾದ ಮಿತಿಯಿತ್ತು, 1961ರಲ್ಲಿ ಆ ಮಿತಿಯನ್ನು ರದ್ದುಪಡಿಸುವಾಗಲೂ ಅದು ವಾರಕ್ಕೆ 20 ಪೌಂಡ್ ಮಾತ್ರ. ಲಿನೇಕರ್ ಅವರ ಪರವಾಗಿ ಆ ಮಾತನ್ನೂ ಹೇಳುವಂತಿಲ್ಲ. 2017ರಲ್ಲಿ ಬಿಬಿಸಿ ತನ್ನ ಪ್ರಸಿದ್ಧರ ಸಂಬಳವನ್ನು ಮೊದಲ ಬಾರಿಗೆ ಬಹಿರಂಗಪಡಿಸಿದಾಗ ಅವರ ವಾರ್ಷಿಕ ಸಂಭಾವನೆ ಹದಿನೇಳೂವರೆ ಲಕ್ಷ ಪೌಂಡಿಗಿಂತ ಕಡಿಮೆಯಿರಲಿಲ್ಲ. ಕೊರತೆಯಿಂದ ಕೈಯೊಡ್ಡಿದವರ ಮೇಲೆ ಕಲ್ಲೆಸೆಯುವುದು ಸಲ್ಲದು. ತುಂಬಿದ ಕಣಜಕ್ಕೆ ಮತ್ತೂ ತುಂಬಲು ಮಕ್ಕಳ ವಿಶ್ವಾಸವನ್ನು ಅಳೆದು ಮಾರುವುದನ್ನು ಪರಿಗ್ರಹವೆಂದಲ್ಲದೆ ಬೇರಾವ ಮೃದುವಾದ ಹೆಸರಿನಿಂದ ಕರೆಯಬೇಕು?

ಸಮರ್ಥಕರ ವಾದಗಳು ಗೊತ್ತಿರುವಂಥವೇ. ಮಕ್ಕಳಿಗೆ ಏನು ಕೊಡಬೇಕೆಂದು ತಂದೆತಾಯಿಗಳೇ ತೀರ್ಮಾನಿಸಲಿ ಎಂಬುದು ಮೊದಲನೆಯದು. ಸರಿ, ಹಾಗಿದ್ದರೆ ತಂದೆತಾಯಿಗಳ ತೀರ್ಮಾನವನ್ನು ಮೀರಿ ಮಗುವಿನೊಂದಿಗೆ ನೇರವಾಗಿ ಮಾತನಾಡುವ ಮುಖಕ್ಕೆ ಕಂಪನಿ ಅಷ್ಟು ಹಣ ಕೊಡುವುದೇಕೆ? ಊರಿನ ಉದ್ಯಮಕ್ಕೆ, ಊರಿನ ಕಾರ್ಮಿಕರಿಗೆ ನೆರವಾದರೆಂಬುದು ಎರಡನೆಯದು. ಲಿನೇಕರ್ ಅವರ ಊರಭಿಮಾನ ಸುಳ್ಳಲ್ಲ. ಲೆಸ್ಟರ್ ತಂಡ ಸಾಲದಲ್ಲಿ ಮುಳುಗಿದಾಗ ಅದನ್ನು ಎತ್ತಲು ಮುಂದಾದವರಲ್ಲಿ ಅವರೂ ಪ್ರಮುಖರು. ಆದರೆ 2002ರಲ್ಲಿ ಅದೇ ತಂಡ ಹೊಸ ಕ್ರೀಡಾಂಗಣಕ್ಕೆ ಹೋದಾಗ ಅದಕ್ಕೆ ವಾಕರ್ಸ್ ಸ್ಟೇಡಿಯಂ ಎಂದೇ ಹೆಸರಾಯಿತು, 2011ರವರೆಗೂ ಹಾಗೆಯೇ ಉಳಿಯಿತು. ಆಟ, ಊರು, ಊರಿನ ಮಗ, ಚಿಪ್ಸ್ ಎಲ್ಲವೂ ಒಂದೇ ಪೊಟ್ಟಣದೊಳಗೆ ಸೇರಿದವು. ಊರಿಗೆ ಉಪಕಾರವಾಯಿತೋ ಊರೇ ಸರಕಾಯಿತೋ ಎಂಬುದನ್ನು ಯಾರೂ ಕೇಳಲಿಲ್ಲ.

ಎಲ್ಲರೂ ಹೀಗೆಯೇ ಮಾಡುತ್ತಾರೆ, ಒಬ್ಬರನ್ನೇ ದೂರುವುದೇಕೆ ಎಂಬ ವಾದಕ್ಕೆ ಉತ್ತರ ಭಾರತದಲ್ಲಿಯೇ ಇದೆ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪುಲ್ಲೇಲ ಗೋಪಿಚಂದ್ ಅವರನ್ನು ಹುಡುಕಿಕೊಂಡು ತಂಪುಪಾನೀಯದ ಜಾಹೀರಾತು ಬಂತು. ಆರೋಗ್ಯಕ್ಕೆ ಹಿತವಲ್ಲದ ಆ ಪಾನೀಯವನ್ನು ಮಕ್ಕಳಿಗೆ ಕುಡಿಯಿರೆಂದು ಹೇಳಲಾರೆನೆಂದು ಅವರು ಅದನ್ನು ನಿರಾಕರಿಸಿದರು. ಅವರೇನೂ ಕೋಟ್ಯಧೀಶರಾಗಿರಲಿಲ್ಲ, ಮುಂದೆ ತರಬೇತಿ ಕೇಂದ್ರ ಕಟ್ಟಲು ಮನೆಯನ್ನೇ ಒತ್ತೆಯಿಡಬೇಕಾಯಿತು. ಆ ಕೇಂದ್ರದಲ್ಲಿ ಕಲಿತವರು ಒಲಿಂಪಿಕ್ ಪದಕಗಳನ್ನು ತಂದರು. ಬೇಡವೆನ್ನುವುದು ಸಾಧ್ಯವೆಂಬುದಕ್ಕೆ ಒಬ್ಬರು ಬೇಡವೆಂದರೂ ಸಾಕಲ್ಲವೇ?

ಇನ್ನು ಬ್ರಿಟನ್ನಿನ ಪತ್ರಿಕೆಗಳ ನ್ಯಾಯವನ್ನು ನೋಡಬೇಕು. 2023ರ ಮಾರ್ಚಿನಲ್ಲಿ ಆಶ್ರಯ ಕೋರಿ ಬರುವವರ ಬಗೆಗೆ ಸರ್ಕಾರ ಬಳಸಿದ ಭಾಷೆಯನ್ನು 1930ರ ದಶಕದ ಜರ್ಮನಿಯ ಭಾಷೆಗೆ ಹೋಲಿಸಿ ಲಿನೇಕರ್ ಅವರು ಸಾಮಾಜಿಕ ಜಾಲತಾಣದಲ್ಲಿ ಬರೆದರು. ನಿಷ್ಪಕ್ಷಪಾತಕ್ಕೆ ಭಂಗವಾಯಿತೆಂದು ಬಿಬಿಸಿ ಅವರನ್ನು ಕಾರ್ಯಕ್ರಮದಿಂದ ಇಳಿಸಿತು. ಸಹೋದ್ಯೋಗಿಗಳು ಅವರ ಬೆಂಬಲಕ್ಕೆ ನಿಂತು ಕೆಲಸಕ್ಕೆ ಬರಲೊಪ್ಪಲಿಲ್ಲ. ಆ ಶನಿವಾರದ ಮ್ಯಾಚ್ ಆಫ್ ದಿ ಡೇ ನಿರೂಪಕರಿಲ್ಲದೆ, ವೀಕ್ಷಕ ವಿವರಣೆಯೂ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕೆಲವೇ ದಿನಗಳಲ್ಲಿ ಸಂಸ್ಥೆಯೇ ಮಣಿಯಿತು. 2025ರ ಮೇ ತಿಂಗಳಲ್ಲಿ ಯಹೂದಿಗಳಿಗೆ ನೋವುಂಟುಮಾಡುವ ಇಲಿಯ ಚಿತ್ರವಿದ್ದ ತುಣುಕೊಂದನ್ನು ಹಂಚಿಕೊಂಡು, ಅದನ್ನು ಅಳಿಸಿ, ಕ್ಷಮೆ ಕೋರಿ, ಕೊನೆಗೆ ಅವರು ಬಿಬಿಸಿಯನ್ನೇ ತೊರೆದರು. ಎರಡೂ ಪ್ರಸಂಗಗಳಲ್ಲಿ ವಾರಗಟ್ಟಲೆ ಸಂಪಾದಕೀಯಗಳು ಬಂದವು. ನಿರ್ಗತಿಕರ ಪರವಾಗಿ ಆಡಿದ ಮಾತಿಗೆ ನಿಷ್ಪಕ್ಷಪಾತದ ತಕ್ಕಡಿ ಹೊರಬಂತು. ಒಂದು ಕಂಪನಿಯ ಪಕ್ಷವನ್ನು ಹಣ ಪಡೆದು, ಬಹಿರಂಗವಾಗಿ, ಕಾಲು ಶತಮಾನ ಹಿಡಿದಾಗ ಆ ತಕ್ಕಡಿ ಎಲ್ಲಿತ್ತು? ರಾಜಕೀಯ ಪಕ್ಷ ಮಾತ್ರವೇ ಪಕ್ಷವೇ?

ಲೆಸ್ಟರ್ ಈ ಪತ್ರಿಕೆಯ ಓದುಗರಿಗೆ ಅಪರಿಚಿತವಾದ ಊರಲ್ಲ. ಪೂರ್ವ ಆಫ್ರಿಕದಿಂದ ಬಂದು ನೆಲೆಸಿದ ಗುಜರಾತಿ ಮೂಲದ ಜೈನ ಕುಟುಂಬಗಳು ಅಲ್ಲಿ ಹಳೆಯ ಚರ್ಚ್ ಕಟ್ಟಡವೊಂದನ್ನು ಅಮೃತಶಿಲೆಯ ಜಿನಮಂದಿರವಾಗಿ ಮಾರ್ಪಡಿಸಿ, 1988ರಲ್ಲಿ ಪ್ರತಿಷ್ಠೆ ನಡೆಸಿದವು. ಶ್ವೇತಾಂಬರ, ದಿಗಂಬರರಿಬ್ಬರಿಗೂ ಅಲ್ಲಿ ಒಂದೇ ಸೂರಿನಡಿ ಸ್ಥಾನವಿದೆ. ಆ ಮನೆಗಳಲ್ಲಿ ಎಷ್ಟೋ ಕಡೆ ನೆಲದಡಿಯ ಗೆಡ್ಡೆಗಳು ಅಡುಗೆಮನೆ ಸೇರುವುದಿಲ್ಲ. ಆದರೆ ಆ ಮನೆಯ ಮಗು ಓದುವ ಶಾಲೆಯ ಚೀಲಗಳಲ್ಲಿ ಆ ಊರಿನ ಗೆಡ್ಡೆಯೇ ಊರ ಮಗನ ನಗೆಯೊಂದಿಗೆ ಬರುತ್ತಿತ್ತು. ಅಜ್ಜಿಯ ಮಾತು ಒಂದೆಡೆ, ದೇಶವೇ ಮೆಚ್ಚಿದ ಒಳ್ಳೆಯ ಮನುಷ್ಯನ ಸಾಕ್ಷಿ ಇನ್ನೊಂದೆಡೆ. ಸ್ಪರ್ಧೆ ಸಮವೆಂದು ಯಾರು ಹೇಳಬಲ್ಲರು? ಕರ್ನಾಟಕದ ಕುಟುಂಬಗಳಿಗೂ ಇದು ದೂರದ ಮಾತಲ್ಲ. ಅದೇ ಪೆಪ್ಸಿಕೋ ಸಂಸ್ಥೆ ಅದೇ ಸರಕನ್ನು ಭಾರತದಲ್ಲಿ ಲೇಸ್ ಎಂಬ ಹೆಸರಿನಿಂದ ಮಾರುತ್ತದೆ, ಇಲ್ಲಿಯೂ ತೆರೆಯ ಮುಖಗಳೇ ಅದರ ವಕೀಲರು. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ನೆಮ್ಮದಿಪಡುವ ತಾಯಂದಿರಿದ್ದಾರೆ. ಆ ಚುಕ್ಕೆ ಮಾಂಸವಿಲ್ಲವೆಂದಷ್ಟೇ ಹೇಳುತ್ತದೆ, ಕಂದಮೂಲದ ಬಗೆಗೆ ಅದಕ್ಕೆ ಮಾತಿಲ್ಲ.

ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಟ್ರಸ್ಟುಗಳು ಮತ್ತೊಂದು ಸಂಗತಿಯನ್ನು ಗಮನಿಸಬೇಕು. 1990ರ ದಶಕದ ಕೊನೆಯಲ್ಲಿ ವಾಕರ್ಸ್ ಕಂಪನಿಯು ಒಂದು ಪತ್ರಿಕಾ ಸಂಸ್ಥೆಯೊಡನೆ ಸೇರಿ ಶಾಲೆಗಳಿಗೆ ಉಚಿತ ಪುಸ್ತಕ ಕೊಡುವ ಯೋಜನೆ ನಡೆಸಿತು. ಪೊಟ್ಟಣಗಳ ಟೋಕನ್‌ಗಳನ್ನು ಮಕ್ಕಳು ಕೂಡಿಟ್ಟು ತಂದರೆ ಶಾಲೆಗೆ ಪುಸ್ತಕ. ದಾನವೆಂಬ ಹೆಸರಿನ ಈ ವ್ಯವಹಾರದಲ್ಲಿ ದಾನಿ ಯಾರು? ಪುಸ್ತಕದ ಬೆಲೆಯನ್ನು ಮಗು ತಿಂದು ತೀರಿಸಿದೆ. ಕ್ರೀಡಾಕೂಟದ ಫಲಕಕ್ಕೆ, ವಾರ್ಷಿಕೋತ್ಸವದ ಕಮಾನಿಗೆ ಇಂಥ ದಾನಿಗಳು ಪ್ರಸಿದ್ಧನ ಚಿತ್ರವನ್ನೂ ಹೊತ್ತು ಬಂದಾಗ ಎಷ್ಟು ಆಡಳಿತ ಮಂಡಳಿಗಳು ಈ ಲೆಕ್ಕವನ್ನು ಹಾಕಿ ನೋಡಿವೆ?

ಕಾನೂನು ಇದನ್ನೆಲ್ಲ ನೋಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಬ್ರಿಟನ್ನಿನಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ ತೋರಿಸಬಾರದೆಂಬ ನಿಯಮ 2007ರಿಂದ ಹಂತಹಂತವಾಗಿ ಬಂತು. ಆದರೆ ಮಕ್ಕಳು ಮಕ್ಕಳ ಕಾರ್ಯಕ್ರಮಗಳನ್ನಷ್ಟೇ ನೋಡುವುದಿಲ್ಲ. ಅದಕ್ಕಾಗಿ 2026ರ ಜನವರಿ 5ರಿಂದ ಹೊಸ ನಿಯಮ ಜಾರಿಯಾಗಿ, ಇಂಥ ತಿಂಡಿಗಳನ್ನು ರಾತ್ರಿ 9 ಗಂಟೆಯ ಮೊದಲು ದೂರದರ್ಶನದಲ್ಲಿಯೂ, ಯಾವ ಹೊತ್ತಿನಲ್ಲಿಯೂ ಅಂತರ್ಜಾಲದ ಹಣ ಕೊಟ್ಟ ಜಾಹೀರಾತುಗಳಲ್ಲಿಯೂ ತೋರಿಸಕೂಡದೆಂದಾಯಿತು. ಒಳ್ಳೆಯದೇ ಆಯಿತು. ಆದರೆ ಉದ್ಯಮದವರ ಒತ್ತಾಯದ ಮೇರೆಗೆ ಅದರಲ್ಲೊಂದು ಕಿಂಡಿಯನ್ನು ಉಳಿಸಲಾಗಿದೆ: ನಿರ್ದಿಷ್ಟ ತಿಂಡಿಯನ್ನು ತೋರಿಸದೆ ಕಂಪನಿಯ ಹೆಸರನ್ನು ಮಾತ್ರ ಮೆರೆಸುವ ಜಾಹೀರಾತಿಗೆ ಅಡ್ಡಿಯಿಲ್ಲ. ಪೊಟ್ಟಣ ಕಾಣಬಾರದು, ಹೆಸರು ಕಾಣಬಹುದು; ಆ ಹೆಸರಿನ ಪಕ್ಕದಲ್ಲಿ ನಗುವ ಒಂದು ಮುಖವೂ ಕಾಣಬಹುದು. ಪೊಟ್ಟಣವಿಲ್ಲದೆ ಮುಖವೊಂದೇ ಬಂದರೂ ಬಟ್ಟಲು ಬರಿದಾಗುತ್ತದೆಂಬುದನ್ನು ಲಿವರ್‌ಪೂಲಿನ ಮಕ್ಕಳು 2013ರಲ್ಲಿಯೇ ತೋರಿಸಿಕೊಟ್ಟಿದ್ದರು.